ಎರಡಕ್ಕೆ ಮೂರೋ, ಐದಕ್ಕೆ ಆರೋ

ಸುರಪುರ ಸೀಮೆಯ ಬೋನಾಳ ಕೆರೆಯ ಸುತ್ತಲ ಊರುಗಳಲ್ಲಿ ನಾಗರಪಂಚಮಿ ಬಂತೆಂದರೆ ಪಂಥ ಕಟ್ಟುವವರಿಗೆ ಬರವಿಲ್ಲ. ಅಗಸಿಯಿಂದ ಗುಡಿಯವರೆಗೆ ಎಷ್ಟು ಎಸೆತಕ್ಕೆ ನಿಂಬೆಹಣ್ಣು ಮುಟ್ಟುತ್ತದೆ, ತೆಂಗಿನಕಾಯಿ ಯಾರ ಕೈಯಿಂದ ದೂರ ಹೋಗುತ್ತದೆ ಎಂದು ಓಣಿಯ ಹುಡುಗರೂ ಹಿರಿಯರೂ ಕೂಡಿ ಜಿದ್ದಿಗೆ ಬೀಳುತ್ತಾರೆ. ಇಬ್ಬರೂ ಸಮ ರೊಕ್ಕ ಹಚ್ಚುತ್ತಾರೆ, ಗೆದ್ದವನು ಎರಡೂ ಪಾಲು ಎತ್ತಿಕೊಳ್ಳುತ್ತಾನೆ. ನಡುವೆ ಕೈ ಹಾಕುವ ಮೂರನೆಯವನಿಲ್ಲ. ಹಬ್ಬ ಮುಗಿದ ಮೇಲೆ ಊರಿನ ರೊಕ್ಕ ಊರಲ್ಲೇ ಇರುತ್ತದೆ, ಒಬ್ಬನ ಕಿಸೆಯಿಂದ ಇನ್ನೊಬ್ಬನ ಕಿಸೆಗೆ ಹೋಗಿರುತ್ತದೆ ಅಷ್ಟೆ.

ಆಡಿಸುವವನು ಬಂದು ಕೂತ ಕೂಡಲೇ ಲೆಕ್ಕ ಬದಲಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಠಾಣೆಗಳ ಪ್ರಕಟಣೆಗಳನ್ನು ಓದುವವರಿಗೆ ಎರಡು ಕಲಂಗಳು ಬಾಯಿಪಾಠವಾಗಿರುತ್ತವೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 87 ಸಾರ್ವಜನಿಕ ಜಾಗದಲ್ಲಿ ಕೂತು ಆಡುವ ಅಂದರ್ ಬಾಹರ್‌ಗೆ, ಕಲಂ 78(3) ಮಟ್ಕಾ ಬರೆದುಕೊಳ್ಳುವವರಿಗೆ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಬರುವ ಮಾತೆಂದರೆ, ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಕೊಡುವುದಾಗಿ ಕೂಗಿ ಜನರಿಂದ ಹಣ ಪಡೆಯುತ್ತಿದ್ದ ಎಂಬುದು. ಕೂಗುವವನು ಜೂಜಿನ ತಿರುಳನ್ನು ಅಲ್ಲೇ ಹೇಳಿಬಿಟ್ಟಿರುತ್ತಾನೆ. ಕೇಳಿಸಿಕೊಂಡವರಲ್ಲಿ ಅದನ್ನು ಭಾಗಿಸಿ ನೋಡುವವರು ಕಡಿಮೆ.

ಮಟ್ಕಾದಲ್ಲಿ 00ರಿಂದ 99ರವರೆಗೆ ನೂರು ಅಂಕಿಗಳಿವೆ. ನೂರು ಜನ ತಲಾ ಒಂದು ರೂಪಾಯಿಯಂತೆ ಒಂದೊಂದು ಅಂಕಿಗೆ ಹಚ್ಚಿದರೆ ನೂರು ರೂಪಾಯಿ ಸೇರುತ್ತದೆ. ಗೆದ್ದ ಒಬ್ಬನಿಗೆ ಎಂಬತ್ತು ಹೋಗುತ್ತದೆ, ಇಪ್ಪತ್ತು ಆಡಿಸುವವನ ಬಳಿ ಉಳಿಯುತ್ತದೆ. ತೊಂಬತ್ತು ಕೊಡುವ ಕಡೆ ಉಳಿಯುವುದು ಹತ್ತು. ಅದೇ ಅಂಕಿ, ಅದೇ ನಸೀಬು, ಆದರೂ ಒಂದು ಕಡೆ ರೂಪಾಯಿಗೆ ಇಪ್ಪತ್ತು ಪೈಸೆ ನಷ್ಟ, ಇನ್ನೊಂದು ಕಡೆ ಹತ್ತು ಪೈಸೆ. ‘ಒಂದೇ ರೂಪಾಯಿಯಿಂದ ಆಡಬಹುದು’ ಎಂಬ ಸೌಲಭ್ಯಕ್ಕೂ ಈ ನಷ್ಟಕ್ಕೂ ಸಂಬಂಧವೇ ಇಲ್ಲ. ಕನಿಷ್ಠ ಪಣ ಎಷ್ಟು ಎನ್ನುವುದು ಬಾಗಿಲು ಮಾತ್ರ. ಒಳಗೆ ಕಿಸೆ ಬರಿದಾಗುವ ವೇಗವನ್ನು ತೀರ್ಮಾನಿಸುವುದು, ಗೆದ್ದಾಗ ಕೈಗೆ ಎಷ್ಟು ಬರುತ್ತದೆ ಎಂಬ ನಿಯಮ.

ಅಂದರ್ ಬಾಹರ್‌ನಲ್ಲೂ ಇದೇ ಕಥೆ. ಚಾದರ ಹಾಸಿ, ಒಂದು ಎಲೆಯನ್ನು ನಡುವೆ ಬಿಚ್ಚಿಟ್ಟು, ಉಳಿದ 51 ಎಲೆಗಳನ್ನು ಒಂದು ಒಳಗೆ, ಒಂದು ಹೊರಗೆ ಎಂದು ಹಾಕುತ್ತ ಹೋಗುತ್ತಾರೆ. ನಡುವಿನ ಎಲೆ ರಾಜನಾಗಿದ್ದರೆ, ಇನ್ನೊಬ್ಬ ರಾಜ ಯಾವ ಕಡೆ ಮೊದಲು ಬೀಳುತ್ತಾನೋ ಆ ಕಡೆಯವರಿಗೆ ಗೆಲುವು. ನೋಡುವವರಿಗೆ ಇದು ಅರ್ಧಕ್ಕರ್ಧದ ಆಟ. ಎಣಿಸಿದರೆ ಹಾಗಲ್ಲ: ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆ ಗೆಲ್ಲುವ ಸಾಧ್ಯತೆ ನೂರಕ್ಕೆ 51.5, ಎದುರು ಕಡೆಗೆ 48.5. ಕ್ಯಾಸಿನೊದವರು ಇದನ್ನು ಬಲ್ಲವರು. ಆದ್ದರಿಂದ ಮೊದಲ ಎಲೆಯ ಕಡೆ ಗೆದ್ದವನಿಗೆ ಅಲ್ಲಿ ನೂರಕ್ಕೆ ನೂರರ ಬದಲು ತೊಂಬತ್ತು ಕೊಡುವ ರೂಢಿ ಇದೆ. ಆಗ ಆ ಕಡೆ ಆಡುವವನ ನಷ್ಟ ನೂರಕ್ಕೆ ಸುಮಾರು 2.15, ಎದುರು ಕಡೆ ಆಡುವವನದು 3. ಊರಿನ ಅಡ್ಡೆಯಲ್ಲಿ ಆಡಿಸುವವನು ಗೆದ್ದವರ ರೊಕ್ಕದಲ್ಲಿ ತನ್ನ ಪಾಲು ಎಷ್ಟು ಮುರಿದುಕೊಳ್ಳುತ್ತಾನೋ, ನಷ್ಟ ಅಷ್ಟು ಏರುತ್ತದೆ.

ಇವುಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಬ್ಲ್ಯಾಕ್‌ಜಾಕ್ ಏಕೆ ಜಗತ್ತಿನಾದ್ಯಂತ ಲೆಕ್ಕ ಬಲ್ಲ ಆಟಗಾರರ ಮೆಚ್ಚಿನ ಆಟ ಎಂಬುದು ಗೊತ್ತಾಗುತ್ತದೆ. ಒಳ್ಳೆಯ ನಿಯಮಗಳಿರುವ ಮೇಜಿನಲ್ಲಿ, ತಪ್ಪಿಲ್ಲದೆ ಆಡಿದರೆ, ಆಡಿಸುವವನ ಪಾಲು ನೂರಕ್ಕೆ ಅರ್ಧ ರೂಪಾಯಿಯ ಆಸುಪಾಸು. ಎಂಬತ್ತರ ಮಟ್ಕಾಕ್ಕೆ ಹೋಲಿಸಿದರೆ ನಲವತ್ತನೆಯ ಒಂದು ಭಾಗ.

ಕರ್ನಾಟಕದಲ್ಲಿ ಇಂಥ ಮೇಜಿಗೆ ಪರವಾನಗಿ ಇಲ್ಲ. ಕನ್ನಡಿಗರಿಗೆ ಹತ್ತಿರದ ಕಾನೂನುಬದ್ಧ ಜಾಗವೆಂದರೆ ಗೋವಾ. 1976ರ ಅಲ್ಲಿನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿಯಾಗಿ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಆಟಗಳಿಗೆ ಅವಕಾಶ ಸಿಕ್ಕಿತು, 1996ರಲ್ಲಿ ಹಡಗುಗಳ ಮೇಲೆ ಮೇಜಿನ ಆಟಗಳಿಗೂ ಸಿಕ್ಕಿತು. ಪಣಜಿಯ ಮಾಂಡೋವಿ ನದಿಯಲ್ಲಿ ಲಂಗರು ಹಾಕಿ ನಿಂತ ಹಡಗುಗಳು ಆ ತಿದ್ದುಪಡಿಯ ಕೂಸುಗಳು. 2020ರ ಫೆಬ್ರುವರಿಯಿಂದ ಗೋವಾದವರಿಗೆ ಆಟದ ಕೋಣೆಗೆ ಪ್ರವೇಶವಿಲ್ಲ. ಅಂದರೆ ಆ ವ್ಯವಹಾರ ನಡೆಯುವುದು ಹೊರಗಿನಿಂದ ಹೋಗುವವರ ದುಡ್ಡಿನ ಮೇಲೆ. ವಾರಾಂತ್ಯಕ್ಕೆ ಹುಬ್ಬಳ್ಳಿ, ಬೆಳಗಾವಿ ದಾಟಿ ಹೋಗುವ ಕನ್ನಡಿಗರೂ ಅವರಲ್ಲಿ ಸೇರಿದ್ದಾರೆ.

ಅರ್ಧಚಂದ್ರಾಕಾರದ ಮೇಜು. ಒಳಬದಿಯಲ್ಲಿ ಎಲೆ ಹಂಚುವ ಡೀಲರ್, ಬಾಗಿದ ಹೊರಬದಿಯಲ್ಲಿ ಆಟಗಾರರು. ಎಲೆಗಳ ಬೆಲೆ 21ಕ್ಕೆ ಹತ್ತಿರ ಹೋಗಬೇಕು, ಅದನ್ನು ದಾಟಬಾರದು. ರಾಜ, ರಾಣಿ, ಗುಲಾಮರಿಗೆ ತಲಾ ಹತ್ತು, ಎಕ್ಕಕ್ಕೆ ಒಂದು ಇಲ್ಲವೇ ಹನ್ನೊಂದು. ಮೊದಲ ಎರಡೇ ಎಲೆಗಳಲ್ಲಿ ಎಕ್ಕವೂ ಹತ್ತೂ ಬಂದರೆ ಅದೇ ಬ್ಲ್ಯಾಕ್‌ಜಾಕ್, ಅದಕ್ಕೆ ಮಾತ್ರ ಹೆಚ್ಚಿನ ಹಣ. ಮೇಜಿನ ಬಟ್ಟೆಯ ಮೇಲೆ ಕಮಾನಿನಂತೆ ಬಾಗಿದ ಅಕ್ಷರಗಳಲ್ಲಿ ಒಂದು ಸಾಲು ಅಚ್ಚಾಗಿರುತ್ತದೆ. ‘ಬ್ಲ್ಯಾಕ್‌ಜಾಕ್ ಪೇಸ್ 3 ಟು 2’ ಎಂದಿದ್ದರೆ ಎರಡು ರೂಪಾಯಿಗೆ ಮೂರು, ‘6 ಟು 5’ ಎಂದಿದ್ದರೆ ಐದು ರೂಪಾಯಿಗೆ ಆರು. ಆರು, ಐದು ದೊಡ್ಡ ಅಂಕಿಗಳಾದ್ದರಿಂದ ಎರಡನೆಯದೇ ಲಾಭದ್ದು ಎಂದುಕೊಂಡು ಕೂರುವವರಿದ್ದಾರೆ.

ಒಂದು ಕೈ ಆಡಿ ನೋಡಿದರೆ ವ್ಯತ್ಯಾಸ ಕಾಣುತ್ತದೆ. ಆಟಗಾರ ಐನೂರರ ಒಂದು ಬಿಲ್ಲೆ ಇಟ್ಟಿದ್ದಾನೆ. ಇಸ್ಪೀಟ್ ಎಕ್ಕ ಬಂತು, ಅದರ ಮೇಲೆ ಆಟೀನ್ ರಾಣಿ ಬಂದಳು. ಮೊದಲ ಬಗೆಯ ಮೇಜಿನಲ್ಲಿ ಡೀಲರ್ ಅವನ ಬಿಲ್ಲೆಯ ಪಕ್ಕಕ್ಕೆ 750 ರೂಪಾಯಿ ಸರಿಸುತ್ತಾನೆ, ಎರಡನೆಯದರಲ್ಲಿ 600. ಗೆದ್ದ ಖುಷಿಯಲ್ಲಿ ಆ ನೂರೈವತ್ತು ಕಳೆದದ್ದು ಗೊತ್ತೇ ಆಗುವುದಿಲ್ಲ. ಆದರೆ ಎಕ್ಕ-ಹತ್ತರ ಜೋಡಿ ಸುಮಾರು 21 ಕೈಗೆ ಒಮ್ಮೆ ಬೀಳುತ್ತದೆ. ತುಂಬಿದ ಮೇಜಿನಲ್ಲಿ ಗಂಟೆಗೆ 60 ಕೈ ನಡೆಯುತ್ತವೆ ಎಂದಿಟ್ಟುಕೊಂಡು, ಡೀಲರ್‌ಗೂ ಬ್ಲ್ಯಾಕ್‌ಜಾಕ್ ಬಂದು ಸಮವಾಗುವ ಕೈಗಳನ್ನು ಬಿಟ್ಟರೆ, ಗಂಟೆಗೆ ಸುಮಾರು 400 ರೂಪಾಯಿ ಹೀಗೆ ಸದ್ದಿಲ್ಲದೆ ಸೋರುತ್ತದೆ. ಶೇಕಡಾವಾರು ಲೆಕ್ಕದಲ್ಲಿ ಈ ಒಂದೇ ನಿಯಮ ಆಡಿಸುವವನ ಪಾಲನ್ನು 1.4ರಷ್ಟು ಏರಿಸುತ್ತದೆ. ಅರ್ಧ ಇದ್ದದ್ದು ಎರಡರ ಹತ್ತಿರಕ್ಕೆ ಬರುತ್ತದೆ, ಸರಿಸುಮಾರು ನಾಲ್ಕು ಪಟ್ಟು.

ಸೋವಿ ಮೇಜು ಹುಡುಕುವವರು ಎಡವುವುದು ಇಲ್ಲೇ. ಮುನ್ನೂರು ರೂಪಾಯಿ ಕನಿಷ್ಠ ಪಣದ, ಐದಕ್ಕೆ ಆರು ಕೊಡುವ ಮೇಜಿನಲ್ಲಿ ಒಬ್ಬ ಒಂದು ಗಂಟೆ ಕೂತ ಎಂದುಕೊಳ್ಳೋಣ. 60 ಕೈಗೆ ಅವನು ಹಚ್ಚುವುದು ಒಟ್ಟು 18,000 ರೂಪಾಯಿ. ನೂರಕ್ಕೆ 1.9ರಂತೆ ಸರಾಸರಿ ನಷ್ಟ ಸುಮಾರು 340. ಪಕ್ಕದ ಮೇಜಿನ ಕನಿಷ್ಠ ಪಣ ಸಾವಿರ, ಅಲ್ಲಿ ಎರಡಕ್ಕೆ ಮೂರು. ಹಚ್ಚುವುದು 60,000, ನೂರಕ್ಕೆ ಅರ್ಧದಂತೆ ನಷ್ಟ 300. ಮೂರು ಪಟ್ಟು ದುಬಾರಿಯಾಗಿ ಕಾಣುವ ಮೇಜೇ ಗಂಟೆಯ ಲೆಕ್ಕದಲ್ಲಿ ಅಗ್ಗ! ಇನ್ನು ಐನೂರರ ಪಣಕ್ಕೆ ಎರಡಕ್ಕೆ ಮೂರು ಕೊಡುವ ಮೇಜು ಸಿಕ್ಕರೆ ನಷ್ಟ ಬರೀ 150. ಹುಡುಕಬೇಕಾದದ್ದು ಇದನ್ನೇ.

ಹಾಗೆಂದು ಸಣ್ಣ ಪಣಕ್ಕೆ ಬೆಲೆಯಿಲ್ಲ ಎಂದಲ್ಲ. ಸರಾಸರಿ ಎನ್ನುವುದು ದೀರ್ಘಕಾಲದ ಮಾತು. ಒಂದು ಗಂಟೆಯ ಆಟದಲ್ಲಿ ಒಂಬತ್ತು ಪಣದಷ್ಟು ಮೇಲೇರುವುದು, ಅಷ್ಟೇ ಕೆಳಗಿಳಿಯುವುದು ತೀರ ಮಾಮೂಲು. ಸಾವಿರದ ಮೇಜಿನಲ್ಲಿ ಅದು 9,000 ರೂಪಾಯಿ, ಮುನ್ನೂರರದರಲ್ಲಿ 2,700. ಕಿಸೆಯಲ್ಲಿ ಐದೇ ಸಾವಿರ ಇದ್ದವನು ಸಾವಿರದ ಮೇಜಿಗೆ ಹೋದರೆ ಸರಾಸರಿಯ ಲೆಕ್ಕ ಕೂಡಿಬರುವ ಮೊದಲೇ ಎದ್ದು ಬರಬೇಕಾಗುತ್ತದೆ. ಆದ್ದರಿಂದ ಸಣ್ಣ ಪಣ ಮತ್ತು ನ್ಯಾಯದ ಪಾವತಿ ಎರಡೂ ಒಂದೇ ಮೇಜಿನಲ್ಲಿ ಸಿಗಬೇಕು. ಸಿಗದಿದ್ದರೆ ಸುಮ್ಮನೆ ನಿಂತು ನೋಡಿ ಬರುವುದೇ ಲಾಭ.

ಬಟ್ಟೆಯ ಮೇಲಿನ ಸಾಲಿನ ನಂತರ ಕೇಳಿ ತಿಳಿಯಬೇಕಾದ ಇನ್ನೂ ಕೆಲವು ವಿಷಯಗಳಿವೆ. ಎಕ್ಕವನ್ನು ಹನ್ನೊಂದೆಂದು ಎಣಿಸಿ ಹದಿನೇಳಾದಾಗ ಡೀಲರ್ ನಿಲ್ಲುತ್ತಾನೋ, ಮತ್ತೊಂದು ಎಲೆ ಎಳೆಯುತ್ತಾನೋ? ಎಳೆಯುವುದಾದರೆ ಆಟಗಾರನಿಗೆ ನೂರಕ್ಕೆ 0.2ರಷ್ಟು ಹೊರೆ. ಯಾವ ಎರಡು ಎಲೆ ಬಂದರೂ ಪಣ ಇಮ್ಮಡಿ ಮಾಡಬಹುದೋ, ಹತ್ತು-ಹನ್ನೊಂದು ಬಂದಾಗ ಮಾತ್ರವೋ? ಕಟ್ಟು ಒಂದೋ, ಆರೋ, ಎಂಟೋ? ಕಟ್ಟು ಹೆಚ್ಚಿದಷ್ಟೂ ಆಟಗಾರನಿಗೆ ಅನನುಕೂಲ. ಇವೆಲ್ಲ ಪೈಸೆಗಳ ಮಾತು, ಎಲ್ಲಕ್ಕಿಂತ ಭಾರವಾದದ್ದು ಐದಕ್ಕೆ ಆರು. ಮೇಜು ಎಷ್ಟು ತುಂಬಿದೆ ಎಂಬುದನ್ನೂ ನೋಡಬೇಕು. ಏಳು ಜನರಿದ್ದಲ್ಲಿ ಗಂಟೆಗೆ ಐವತ್ತು ಅರವತ್ತು ಕೈ ನಡೆದರೆ, ಒಬ್ಬನೇ ಕೂತಲ್ಲಿ ಇನ್ನೂರರವರೆಗೂ ನಡೆಯುತ್ತದೆ, ನಷ್ಟವೂ ಅಷ್ಟೇ ಬೇಗ ಬೆಳೆಯುತ್ತದೆ.

ಡೀಲರ್‌ನ ಮುಂದೆ ಎಕ್ಕ ಬಿದ್ದಾಗ ‘ಇನ್ಶೂರೆನ್ಸ್’ ಬೇಕೇ ಎಂದು ಕೇಳುತ್ತಾರೆ. ಹೆಸರು ಕೇಳಿ ಅದು ರಕ್ಷಣೆ ಎಂದು ನಂಬಬಾರದು. ಡೀಲರ್‌ನ ಮರೆಯ ಎಲೆ ಹತ್ತೇ ಎಂದು ಕಟ್ಟುವ ಬೇರೆಯದೇ ಜೂಜು ಅದು. ಗೆದ್ದರೆ ಒಂದಕ್ಕೆ ಎರಡು. ಆರು ಕಟ್ಟಿನ ಆಟದಲ್ಲಿ, ಆ ಎಕ್ಕ ಬಿಟ್ಟು ಉಳಿದ 311 ಎಲೆಗಳಲ್ಲಿ ಹತ್ತರ ಬೆಲೆಯವು 96. ಮೂರರಲ್ಲಿ ಒಂದಕ್ಕಿಂತ ಕಡಿಮೆ. ಹೀಗಾಗಿ ಈ ‘ವಿಮೆ’ಯಲ್ಲಿ ಆಡಿಸುವವನ ಪಾಲು ನೂರಕ್ಕೆ 7.4. ಜೋಡಿ ಬಂದರೆ ಇಷ್ಟು, ಮೂರು ಎಲೆ ಸಾಲಾಗಿ ಬಂದರೆ ಅಷ್ಟು ಎಂದು ಪಕ್ಕದ ವೃತ್ತಗಳಲ್ಲಿ ಇಡಿಸುವ ಪಣಗಳೂ ಮುಖ್ಯ ಆಟಕ್ಕಿಂತ ಹಲವು ಪಟ್ಟು ದುಬಾರಿ.

ಅರ್ಧ ರೂಪಾಯಿಯ ಈ ಲೆಕ್ಕ ಯಾರದೋ ಊಹೆಯಲ್ಲ. ಅಮೆರಿಕದ ಸೇನೆಯಲ್ಲಿದ್ದ ರೋಜರ್ ಬಾಲ್ಡ್‌ವಿನ್, ವಿಲ್ಬರ್ಟ್ ಕ್ಯಾಂಟಿ, ಹರ್ಬರ್ಟ್ ಮೈಸೆಲ್, ಜೇಮ್ಸ್ ಮ್ಯಾಕ್‌ಡರ್ಮಟ್ ಎಂಬ ನಾಲ್ವರು ಮೇಜಿನ ಮೇಲಿನ ಲೆಕ್ಕಯಂತ್ರಗಳಿಂದಲೇ, ಯಾವ ಕೈಗೆ ಏನು ಮಾಡಬೇಕು ಎಂದು ಗುಣಿಸಿ, 1956ರಲ್ಲಿ ಅಲ್ಲಿನ ಸಂಖ್ಯಾಶಾಸ್ತ್ರ ಸಂಘದ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಎಕ್ಕದ ಜೋಡಿ, ಎಂಟರ ಜೋಡಿ ಬಂದರೆ ಒಡೆದು ಆಡು, ಹತ್ತರ ಜೋಡಿ ಒಡೆಯಬೇಡ, ಡೀಲರ್‌ನ ಮುಂದೆ ಐದೋ ಆರೋ ಇದ್ದರೆ ಹನ್ನೆರಡಕ್ಕೂ ನಿಲ್ಲು ಎಂಬಂಥ ಸೂತ್ರಗಳು ಇಂಥ ಲೆಕ್ಕದಿಂದ ಬಂದವು. ಐದು, ಆರರಿಂದ ಹೊರಡುವ ಡೀಲರ್ ಸುಮಾರು ನೂರಕ್ಕೆ 42 ಸಲ 21 ದಾಟಿ ಸೋಲುತ್ತಾನೆ. ಇದನ್ನು ಬಾಯಿಪಾಠ ಮಾಡದೆ ಅಂದಾಜಿನಲ್ಲಿ ಆಡುವವನಿಗೆ ಅರ್ಧ ರೂಪಾಯಿಯ ಲೆಕ್ಕ ಅನ್ವಯಿಸುವುದಿಲ್ಲ, ಅವನ ನಷ್ಟ ಹಲವು ಪಟ್ಟು. ಗಣಿತಜ್ಞ ಎಡ್ವರ್ಡ್ ಥಾರ್ಪ್ ಐಬಿಎಂ 704 ಕಂಪ್ಯೂಟರಿನಲ್ಲಿ ಈ ಕೆಲಸವನ್ನು ಮುಂದುವರಿಸಿ, ಹೋದ ಎಲೆಗಳನ್ನು ನೆನಪಿಟ್ಟು ಪಣ ಏರಿಳಿಸುವ ಬಗೆಯನ್ನು 1962ರ ತನ್ನ ಪುಸ್ತಕದಲ್ಲಿ ತೋರಿಸಿದ.

ಪುಸ್ತಕಕ್ಕೆ ಬೆದರಿದ ಲಾಸ್ ವೇಗಸ್‌ನ ಕ್ಯಾಸಿನೊಗಳು 1964ರ ಏಪ್ರಿಲ್‌ನಲ್ಲಿ ನಿಯಮ ಬಿಗಿ ಮಾಡಿದವು: ಎಕ್ಕದ ಜೋಡಿ ಒಡೆಯುವಂತಿಲ್ಲ, ಹನ್ನೊಂದಕ್ಕೆ ಬಿಟ್ಟರೆ ಇಮ್ಮಡಿ ಮಾಡುವಂತಿಲ್ಲ. ಆಟಗಾರರು ಕೂರಲಿಲ್ಲ. ಮೇಜುಗಳು ಖಾಲಿ ಬಿದ್ದವು. ಕೆಲವೇ ವಾರಗಳಲ್ಲಿ ಹಳೆಯ ನಿಯಮ ಮರಳಿತು. ನಲವತ್ತು ವರ್ಷಗಳ ನಂತರ ಅದೇ ಊರಲ್ಲಿ ಐದಕ್ಕೆ ಆರು ಬಂದಾಗ ಹಾಗಾಗಲಿಲ್ಲ. ‘ಒಂದೇ ಕಟ್ಟಿನ ಆಟ’ ಎಂದು ಹಳೆಯ ಆಟಗಾರರಿಗೆ ಇಷ್ಟವಾಗುವ ಹೆಸರಿನಲ್ಲಿ ಅದನ್ನು ತಂದರು. ಬಟ್ಟೆಯ ಮೇಲಿನ ಅಂಕಿ ಬದಲಾಗಿದ್ದನ್ನು ಹೆಚ್ಚಿನವರು ಗಮನಿಸಲಿಲ್ಲ, ಗಮನಿಸಿದವರಲ್ಲಿ ಅನೇಕರು ಎದ್ದು ಹೋಗಲಿಲ್ಲ. ಈಗ ಅಲ್ಲಿನ ದೊಡ್ಡ ಕ್ಯಾಸಿನೊಗಳಲ್ಲಿ ಸಣ್ಣ ಪಣದ ಮೇಜುಗಳ ಮಾಮೂಲು ನಿಯಮವೇ ಅದು, ಎರಡಕ್ಕೆ ಮೂರು ಬೇಕೆಂದರೆ ದೊಡ್ಡ ಪಣದ ಮೇಜಿಗೆ ಹೋಗಬೇಕು. ಕಡಿಮೆ ರೊಕ್ಕದವನಿಗೆ ಕೆಟ್ಟ ದರ, ಹೆಚ್ಚು ರೊಕ್ಕದವನಿಗೆ ಒಳ್ಳೆಯ ದರ: ಇದು ಅನ್ಯಾಯ, ಮತ್ತು ಅದನ್ನು ತಡೆಯುವ ಶಕ್ತಿ ಆಟಗಾರರಿಗೆ ಇದೆ ಎಂಬುದಕ್ಕೆ 1964 ಸಾಕ್ಷಿ.

ಭಾರತದಲ್ಲಿ ಮೇಜಿನ ನಿಯಮಕ್ಕಿಂತ ದೊಡ್ಡ ಲೆಕ್ಕ ಬಾಗಿಲಲ್ಲೇ ಕಾದಿರುತ್ತದೆ. ಬಿಲ್ಲೆ ಕೊಳ್ಳಲು ಕೊಡುವ ಹಣದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28 ಜಿಎಸ್‌ಟಿ ಬಂತು, 2025ರ ಸೆಪ್ಟೆಂಬರ್ 22ರಿಂದ ಅದು ಶೇ 40 ಆಯಿತು. ಗೆದ್ದ ಬಿಲ್ಲೆಯನ್ನು ಮತ್ತೆ ಹಚ್ಚಿದರೆ ತೆರಿಗೆಯಿಲ್ಲ, ಕೊಳ್ಳುವಾಗ ಮಾತ್ರ. ಐದು ಸಾವಿರದ ಬಿಲ್ಲೆಗೆ ಎರಡು ಸಾವಿರ ತೆರಿಗೆ, ಅದರ ಭಾರ ಪೂರ್ತಿ ಆಟಗಾರನ ಮೇಲೇ ಬಿತ್ತೆಂದಿಟ್ಟುಕೊಳ್ಳಿ. ಒಳ್ಳೆಯ ಮೇಜಿನಲ್ಲಿ ನೂರಕ್ಕೆ ಅರ್ಧದಂತೆ ಎರಡು ಸಾವಿರ ಸೋಲಬೇಕಾದರೆ ನಾಲ್ಕು ಲಕ್ಷ ರೂಪಾಯಿ ಹಚ್ಚಬೇಕು, ಅಂದರೆ ಐನೂರರಂತೆ 800 ಕೈ, ಹದಿಮೂರು ಗಂಟೆಗೂ ಹೆಚ್ಚಿನ ಆಟ. ಅಷ್ಟು ನಷ್ಟ ಕೌಂಟರಿನಲ್ಲೇ, ಒಂದು ಎಲೆ ಬೀಳುವ ಮೊದಲೇ ಆಗಿರುತ್ತದೆ. ಇದರ ಮೇಲೆ ಗೆದ್ದ ಹಣಕ್ಕೆ ಶೇ 30 ಆದಾಯ ತೆರಿಗೆ ಇದೆ, ಸೋತದ್ದನ್ನು ಅದರಲ್ಲಿ ಕಳೆಯಲು ಬರುವುದಿಲ್ಲ.

ಪ್ರವೇಶದ ಪ್ಯಾಕೇಜಿನಲ್ಲಿ ಊಟ, ಪಾನೀಯದ ಜೊತೆ ಕೊಡುವ ಬಿಲ್ಲೆಗಳ ಬೆಲೆಯನ್ನೂ ಸರಿಯಾಗಿ ಎಣಿಸಬೇಕು. ಅವು ಸಾಮಾನ್ಯವಾಗಿ ಒಮ್ಮೆ ಮಾತ್ರ ಆಡಬಹುದಾದವು, ನಗದಾಗುವುದಿಲ್ಲ. ಗೆದ್ದರೆ ಗೆಲುವಿನ ಹಣ ಸಿಗುತ್ತದೆ, ಬಿಲ್ಲೆ ಮಾತ್ರ ಗೆದ್ದರೂ ಸೋತರೂ ಅವರದೇ. ಹೀಗಿರುವಾಗ ಸಾವಿರದ ಬಿಲ್ಲೆಯ ನಿಜ ಬೆಲೆ ಐನೂರಕ್ಕಿಂತ ಕಡಿಮೆ.

‘ಸೋವಿ’ ಎನ್ನುವುದು ಯಾರಿಗೆ ಎಂಬ ಪ್ರಶ್ನೆಯೂ ಇದೆ. 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370 ರೂಪಾಯಿ. ಐನೂರರ ಒಂದು ಬಿಲ್ಲೆ ಅದಕ್ಕಿಂತ ದೊಡ್ಡದು, ಮತ್ತು ಒಂದು ಕೈ ಆಟ ಒಂದು ನಿಮಿಷದಲ್ಲಿ ಮುಗಿಯುತ್ತದೆ. ಸುರಪುರ, ಶಹಾಪುರ ಕಡೆಯಿಂದ ಗುಳೆ ಹೋಗುವವರು ಗೋವಾದಲ್ಲಿ ಕಟ್ಟಡ ಕೆಲಸಕ್ಕೂ ನಿಲ್ಲುತ್ತಾರೆ. ಅವರ ದುಡಿಮೆಯ ಅಳತೆಯಲ್ಲಿ ನೋಡಿದರೆ ಮಾಂಡೋವಿಯ ಮೇಲೆ ಸೋವಿ ಎನ್ನಬಹುದಾದ ಮೇಜು ಒಂದೂ ಇಲ್ಲ.

ಸಣ್ಣ ಪಣದ ಆಸೆ ಜನರನ್ನು ಮೊದಲು ಎಳೆದದ್ದು ಲಾಟರಿ ಅಂಗಡಿಗೆ. 2007ರಲ್ಲಿ ಕರ್ನಾಟಕ ಅದನ್ನು ನಿಲ್ಲಿಸಿತು. ಆಮೇಲೆ ಮೊಬೈಲಿನಲ್ಲಿ ಹತ್ತು ರೂಪಾಯಿಯ ಮೇಜುಗಳು ಬಂದವು. ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರುವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳನ್ನು ಇಡೀ ದೇಶದಲ್ಲಿ ನಿಷೇಧಿಸಿದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಈಗಲೂ ವಿದೇಶದಿಂದ ನಡೆಯುವ ಆ್ಯಪ್‌ಗಳಲ್ಲಿ ಹತ್ತು ರೂಪಾಯಿಗೆ ಬ್ಲ್ಯಾಕ್‌ಜಾಕ್ ಎಂದು ಕರೆಯುವವರಿದ್ದರೆ, ಅಲ್ಲಿ ಪಾವತಿ ನಿಯಮ ಪರೀಕ್ಷಿಸುವವರೂ ಇಲ್ಲ, ಗೆದ್ದ ಹಣ ಬರದಿದ್ದರೆ ದೂರು ಕೇಳುವವರೂ ಇಲ್ಲ. ಆಟ ಬಿಡಲಾಗದೆ ಸಾಲಕ್ಕೆ ಬಿದ್ದವರು, ಅವರ ಮನೆಯವರು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕಾನೂನಿನ ಒಳಗೆ ನಡೆಯುವ ಮೇಜುಗಳ ವಿಷಯದಲ್ಲಿ ಸರ್ಕಾರ ಮಾಡಬೇಕಾದ ಕೆಲಸ ಒಂದಿದೆ. ಬ್ರಿಟನ್ನಿನಲ್ಲಿ ಜೂಜಿನ ಯಂತ್ರದ ಮೇಲೆ, ಹಾಕಿದ ಹಣದಲ್ಲಿ ಸರಾಸರಿ ಎಷ್ಟು ಮರಳಿ ಬರುತ್ತದೆ ಎಂಬುದನ್ನೋ ಗೆಲ್ಲುವ ಸಾಧ್ಯತೆಯನ್ನೋ ಆಟಗಾರನಿಗೆ ತಿಳಿಸುವುದು ಕಡ್ಡಾಯ. ನೂರಕ್ಕೆ ನಲವತ್ತು ತೆರಿಗೆ ವಸೂಲಿ ಮಾಡುವ ವ್ಯವಸ್ಥೆಯಲ್ಲಿ, ಅಷ್ಟು ಕೊಡುವ ಗಿರಾಕಿಗೆ ಇಷ್ಟಾದರೂ ತಿಳಿಯಬೇಕು: ಈ ಮೇಜಿನಲ್ಲಿ ಬ್ಲ್ಯಾಕ್‌ಜಾಕ್‌ಗೆ ಎಷ್ಟು, ಹದಿನೇಳಕ್ಕೆ ಡೀಲರ್ ನಿಲ್ಲುತ್ತಾನೋ ಇಲ್ಲವೋ, ಕಟ್ಟು ಎಷ್ಟು, ತಪ್ಪಿಲ್ಲದೆ ಆಡಿದರೂ ನೂರು ರೂಪಾಯಿಯಲ್ಲಿ ಎಷ್ಟು ಹೋಗುತ್ತದೆ. ಬಿಲ್ಲೆ ಕೊಳ್ಳುವ ಕೌಂಟರಿನ ಮುಂದೆಯೇ ಕೊಂಕಣಿ, ಮರಾಠಿ, ಹಿಂದಿ, ಕನ್ನಡದಲ್ಲಿ ಇದನ್ನು ದೊಡ್ಡದಾಗಿ ಬರೆಸಬೇಕು. ಇದಕ್ಕೆ ಹೊಸ ಕಾಯ್ದೆಯೇ ಬೇಕೆಂದಿಲ್ಲ, ಪರವಾನಗಿ ನವೀಕರಿಸುವಾಗ ಗೋವಾ ಸರ್ಕಾರ ಒಂದು ಷರತ್ತು ಸೇರಿಸಿದರೂ ಆಗುತ್ತದೆ.